ಹಂಚಿನ ಬಿಸಿ ಕೈಗೆ ಗೊತ್ತಾಗುತ್ತಿಲ್ಲ: ಕಿಯಾರಿ, ಸಿರಿಂಕ್ಸ್ ಮತ್ತು ಆಪರೇಷನ್

ಪ್ರಶ್ನೆ: ನಮ್ಮ ಅಕ್ಕನಿಗೆ 36 ವರ್ಷ. ಬ್ಯಾಡಗಿ ಹತ್ತಿರದ ಹಳ್ಳಿ. ಸೀಸನ್ನಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಎರಡು ವರ್ಷದಿಂದ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೂ ಹಿಂದಲೆ ಸಿಡಿದಂತೆ ನೋಯುತ್ತದೆ. ಒಂದು ವರ್ಷದಿಂದ ರೊಟ್ಟಿ ಬೇಯಿಸುವಾಗ ಬಲಗೈ ಬೆರಳು ಸುಟ್ಟು ಬೊಬ್ಬೆ ಎದ್ದರೂ ಅವಳಿಗೆ ಗೊತ್ತಾಗುವುದಿಲ್ಲ. ಈಗ ಕುಪ್ಪಸದ ಹುಕ್ಕು ಹಾಕಲಿಕ್ಕೂ ಬೆರಳು ಮಾತು ಕೇಳುತ್ತಿಲ್ಲ. ಮೊದಲು ಕುಷ್ಠ ಇರಬಹುದೆಂದು ನೋಡಿದರು, ಅಲ್ಲವೆಂದರು. ಆಮೇಲೆ ಕುತ್ತಿಗೆ ಎಲುಬು ಸವೆದಿದೆ ಎಂದು ಆರು ತಿಂಗಳು ಪಟ್ಟಿ ಹಾಕಿಸಿದರು. ಈಗ ಹುಬ್ಬಳ್ಳಿಯಲ್ಲಿ ಕುತ್ತಿಗೆಯ ಎಂಆರ್‌ಐ ಮಾಡಿಸಿದೆವು. 'ಕಿಯಾರಿ ಒಂದನೇ ಬಗೆ, ಟಾನ್ಸಿಲ್ 11 ಮಿ.ಮೀ. ಇಳಿದಿದೆ, ಬೆನ್ನುಹುರಿಯಲ್ಲಿ ಸಿ2ರಿಂದ (ಕುತ್ತಿಗೆಯ ಎರಡನೆಯ ಎಲುಬಿನ ಮಟ್ಟ) ಕೆಳಗೆ ಸಿರಿಂಕ್ಸ್ ಇದೆ' ಎಂದು ಬರೆದಿದ್ದಾರೆ. ಒಬ್ಬ ಡಾಕ್ಟರು ಆಪರೇಷನ್ ಬೇಕೇ ಬೇಕು ಎನ್ನುತ್ತಾರೆ, ಇನ್ನೊಬ್ಬರು ಸದ್ಯ ಗುಳಿಗೆ ತೊಗೊಳ್ಳಲಿ ಎನ್ನುತ್ತಾರೆ. ಕುತ್ತಿಗೆ ಕೊಯ್ಸಿದರೆ ಹಾಸಿಗೆ ಹಿಡಿಯುತ್ತಾಳೆ ಎಂದು ಮನೆಯ ಹಿರಿಯರು ಹೆದರಿದ್ದಾರೆ. ಏನು ಮಾಡಬೇಕು? ಕೈ ಮೊದಲಿನಂತೆ ಆಗುತ್ತದೆಯೇ? ಅವಳ ಮಕ್ಕಳಿಗೂ ಇದು ಬರುತ್ತದೆಯೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ನೀವು ಬರೆದ ಲಕ್ಷಣಗಳಿಗೂ ಎಂಆರ್‌ಐ ವರದಿಗೂ ತಾಳೆಯಾಗುತ್ತದೆ. ಇಂಥ ಹೊತ್ತಿನಲ್ಲಿ ಆಪರೇಷನ್ ಬೇಕು ಎಂದ ವೈದ್ಯರ ಮಾತೇ ಸರಿ. ಹಾಗಂತ ಇವತ್ತೇ ರಾತ್ರಿ ಗಾಡಿ ಕಟ್ಟಬೇಕಾದ ತುರ್ತೂ ಇದಲ್ಲ. ಕೆಲವು ವಾರಗಳಲ್ಲಿ ಆಗಬೇಕಾದ ಕೆಲಸ, ಮುಂದಿನ ವರ್ಷದ ಸುಗ್ಗಿ ಮುಗಿಯಲಿ ಎಂದು ತಳ್ಳುವಂಥದ್ದಲ್ಲ. ಆ ವಾರಗಳಲ್ಲಿ ಒಂದೆರಡು ಪರೀಕ್ಷೆ ಆಗಲೇಬೇಕು. ಅವು ಆಗದೆ ಕತ್ತಿ ಹಚ್ಚಿದರೆ ತಪ್ಪು ಆಪರೇಷನ್ ಆಗುವ ಸಂಭವವಿದೆ. ಕಾರಣ ಮುಂದೆ ಹೇಳುತ್ತೇನೆ.

ವರದಿಯಲ್ಲಿರುವ ಟಾನ್ಸಿಲ್ ಗಂಟಲಿನದಲ್ಲ. ಎಷ್ಟೋ ಜನ ಈ ವರದಿ ಹಿಡಿದು ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರ ಬಾಗಿಲು ತಟ್ಟುತ್ತಾರೆ. ತಲೆಬುರುಡೆಯ ಹಿಂಭಾಗದ ತಳದಲ್ಲಿ ಕಿರುಮಿದುಳು ಕೂತಿರುತ್ತದೆ. ಅದರ ಕೆಳತುದಿಯ ಎರಡು ಗಡ್ಡೆಯಾಕಾರದ ಭಾಗಗಳಿಗೂ ಟಾನ್ಸಿಲ್ ಎಂದೇ ಹೆಸರು. ಬುರುಡೆಯ ತಳದಲ್ಲಿ ಒಂದು ದೊಡ್ಡ ರಂಧ್ರವಿದ್ದು, ಮಿದುಳು ಅಲ್ಲಿಂದಲೇ ಬೆನ್ನುಹುರಿಯಾಗಿ ಕೆಳಗಿಳಿಯುತ್ತದೆ. ಹುಟ್ಟಿನಿಂದಲೇ ಹಿಂಬುರುಡೆಯ ಕೋಣೆ ಸಣ್ಣದಾಗಿದ್ದರೆ ಟಾನ್ಸಿಲ್‌ಗಳಿಗೆ ಜಾಗ ಸಾಲದೆ ಈ ರಂಧ್ರದೊಳಕ್ಕೆ ಜಾರುತ್ತವೆ. ಹಾನ್ಸ್ ಕಿಯಾರಿ ಎಂಬ ರೋಗಶಾಸ್ತ್ರಜ್ಞ 1891ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ಕೆಲವರು ಚಿಯಾರಿ ಎಂದೂ ಓದುತ್ತಾರೆ, ಎರಡೂ ಒಂದೇ. ವಯಸ್ಕರಲ್ಲಿ 5 ಮಿ.ಮೀ.ಗಿಂತ ಹೆಚ್ಚು ಇಳಿದಿದ್ದರೆ ಕಿಯಾರಿ ಎಂದು ಬರೆಯುವುದು ರೂಢಿ.

ಆದರೆ ಮಿಲಿಮೀಟರಿಗೆ ಅತಿ ಬೆಲೆ ಕೊಡಬೇಡಿ. 12 ಮಿ.ಮೀ. ಇಳಿದೂ ಜೀವಮಾನವಿಡೀ ಏನೂ ಆಗದವರಿದ್ದಾರೆ, 6 ಮಿ.ಮೀ.ಗೇ ಕೈ ಕಳೆದುಕೊಂಡವರಿದ್ದಾರೆ. ನೋಡಬೇಕಾದ್ದು ನೀರಿನ ದಾರಿಯನ್ನು. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿ.ಲೀ. ತಿಳಿನೀರು ಇರುತ್ತದೆ. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಒಸರಿ, ಅಷ್ಟೇ ಹೀರಿಹೋಗುತ್ತದೆ. ಹೃದಯ ಬಡಿದಾಗಲೆಲ್ಲ ಈ ನೀರು ತಲೆಯಿಂದ ಕುತ್ತಿಗೆಗೆ ಸ್ವಲ್ಪ ಇಳಿದು ಮತ್ತೆ ಏರಬೇಕು. ಟಾನ್ಸಿಲ್ ಅಡ್ಡ ಬಂದರೆ ಆ ಓಡಾಟ ಕಟ್ಟುತ್ತದೆ, ಕಾಲುವೆಯ ತೂಬಿನಲ್ಲಿ ಗೋಣಿಚೀಲ ಸಿಕ್ಕ ಹಾಗೆ. ಕೆಮ್ಮಿದಾಗ ಎದೆ-ಹೊಟ್ಟೆಯ ಒತ್ತಡ ಒಮ್ಮೆಲೇ ತಲೆಗೇರುತ್ತದೆ, ಏರಿದ್ದು ಇಳಿಯಲು ದಾರಿಯಿಲ್ಲ. ಆಗ ಬರುವುದೇ ಆ ಹಿಂದಲೆಯ ನೋವು. ಕೆಮ್ಮಿನ ಜೊತೆಗೇ ಎದ್ದು ಕೆಲವು ಸೆಕೆಂಡಿನಿಂದ ಕೆಲವೇ ನಿಮಿಷದೊಳಗೆ ಇಳಿಯುವುದು ಇದರ ಗುರುತು. ಗಂಟೆಗಟ್ಟಲೆ ಅರೆದಲೆ ಸಿಡಿಯುವ ಮೈಗ್ರೇನ್ ಬೇರೆ. ನಿಮ್ಮ ಅಕ್ಕನ ಪಾಲಿಗೆ ಮೆಣಸಿನಕಾಯಿಯ ಘಾಟು ದಿನಕ್ಕೆ ನೂರು ಸಲ ಇದನ್ನು ಕೆಣಕುತ್ತಿರಬೇಕು.

ತೂಬು ಕಟ್ಟಿದ ಮೇಲೆ ಟಾನ್ಸಿಲ್ ಪ್ರತಿ ನಾಡಿಬಡಿತಕ್ಕೂ ಪಿಸ್ಟನ್ನಿನಂತೆ ಕೆಳಗೆ ಗುದ್ದುತ್ತದೆ. ಆ ಒತ್ತಡಕ್ಕೆ ನೀರು ಬೆನ್ನುಹುರಿಯ ಒಳಕ್ಕೇ ಇಂಗಿ, ಅದರ ನಡುವೆ ಉದ್ದನೆಯ ಟೊಳ್ಳು ಮಾಡುತ್ತದೆ. ಇದೇ ಸಿರಿಂಕ್ಸ್. ಬಿಸಿ ಮತ್ತು ನೋವಿನ ಸುದ್ದಿ ಹೊತ್ತ ಎಳೆಗಳು ಬೆನ್ನುಹುರಿಗೆ ಬಂದ ಕೂಡಲೇ ಅದರ ನಟ್ಟನಡುವೆ ದಾಟಿ ಆಚೆ ಬದಿಗೆ ಹೋಗಿ ಮೇಲೇರುತ್ತವೆ. ಮುಟ್ಟಿದ ಸುದ್ದಿ ಹೊತ್ತ ಎಳೆಗಳಲ್ಲಿ ಹೆಚ್ಚಿನವು ದಾಟುವುದಿಲ್ಲ, ಹಿಂಬದಿಯಿಂದ ನೇರ ಮೇಲೆ ಹೋಗುತ್ತವೆ. ಟೊಳ್ಳು ಹುಟ್ಟುವುದು ನಡುವಿನಲ್ಲೇ ಆದ್ದರಿಂದ ಮೊದಲು ಹರಿಯುವುದು ದಾಟುವ ಎಳೆಗಳು. ಹೀಗಾಗಿ ಹಿಟ್ಟು ನಾದಿದ್ದು ಗೊತ್ತಾಗುತ್ತದೆ, ರೊಟ್ಟಿ ತಟ್ಟಿದ್ದು ಗೊತ್ತಾಗುತ್ತದೆ, ಹಂಚಿನ ಬಿಸಿ ಮಾತ್ರ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ತೋಳುದ್ದ ಕುಪ್ಪಸ ತೊಟ್ಟಷ್ಟು ಜಾಗದಲ್ಲಿ, ಅಂದರೆ ಹೆಗಲು, ತೋಳು, ಕೈ, ಮೇಲಿನ ಬೆನ್ನಿನಲ್ಲಿ, ಈ ಅರಿವು ಹೋಗುತ್ತದೆ. ಟೊಳ್ಳು ಮುಂದಕ್ಕೆ ಹಿಗ್ಗಿದರೆ ಕೈಯ ಸ್ನಾಯು ಆಳುವ ನರಕೋಶಗಳು ಸಾಯುತ್ತವೆ. ಹೆಬ್ಬೆರಳು-ತೋರುಬೆರಳಿನ ನಡುವಿನ ಮಾಂಸ ಒಣಗಿ ಗುಳಿ ಬೀಳುತ್ತದೆ, ಹುಕ್ಕು ಹಾಕುವಂಥ ಸಣ್ಣ ಕೆಲಸ ಮೊದಲು ಕೈಬಿಡುತ್ತದೆ. ಇನ್ನೂ ಮುಂದುವರಿದರೆ ಕಾಲು ಬಿಗಿಯುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ.

ಕುಷ್ಠವೆಂದು ಅನುಮಾನಿಸಿದ ವೈದ್ಯರನ್ನು ದೂರಬೇಡಿ. ಸುಟ್ಟರೂ ತಿಳಿಯದ ಕೈ ಕಂಡಾಗ ನಮ್ಮಲ್ಲಿ ಅದನ್ನು ಮೊದಲು ನೋಡಲೇಬೇಕು. ಕುಷ್ಠದಲ್ಲಿ ಸಾಮಾನ್ಯವಾಗಿ ಮುಟ್ಟಿದ ಅರಿವೂ ಹೋಗುತ್ತದೆ, ಚರ್ಮದಲ್ಲಿ ಬಿಳಿಚಿದ ಮಚ್ಚೆ ಇರುತ್ತದೆ, ಮೊಣಕೈ ಹಿಂದಿನ ನರ ಹಗ್ಗದಂತೆ ದಪ್ಪಗಾಗಿ ಬೆರಳಿಗೆ ಸಿಗುತ್ತದೆ. ಸಿರಿಂಕ್ಸಿನಲ್ಲಿ ಹತ್ತಿಯ ಎಳೆ ಮುಟ್ಟಿಸಿದರೆ ತಿಳಿಯುತ್ತದೆ, ಬಿಸಿನೀರು-ತಣ್ಣೀರಿನ ಎರಡು ನಳಿಕೆ ಇಟ್ಟರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೋಡಿದರೆ ತೋಳಿನ ಪ್ರತಿಕ್ರಿಯೆ ಸತ್ತಿರುತ್ತದೆ, ಮೊಣಕಾಲಿನದು ಅತಿಯಾಗಿ ಎಗರುತ್ತದೆ. ಐದು ನಿಮಿಷದ ಪರೀಕ್ಷೆ ಇದು. ನನ್ನ ಆಕ್ಷೇಪ ಏನಿದ್ದರೂ ಕುತ್ತಿಗೆ ಪಟ್ಟಿಯ ಆರು ತಿಂಗಳ ಬಗ್ಗೆ. 36ರ ವಯಸ್ಸಿನಲ್ಲಿ ಕೈಯ ಮಾಂಸ ಕರಗುತ್ತಿದ್ದರೆ ಎಕ್ಸ್‌ರೇಯಲ್ಲಿ ಕಂಡ ಸವೆತದ ಮೇಲೆ ಹೊರೆ ಹಾಕಿ ಕೂರುವಂತಿಲ್ಲ. ಸವೆತ ಎಲ್ಲರ ಕುತ್ತಿಗೆಯಲ್ಲೂ ಅಷ್ಟಿಷ್ಟು ಕಾಣುತ್ತದೆ. ಇಪ್ಪತ್ತರ ಆಸುಪಾಸಿನ ಹುಡುಗರಲ್ಲಿ ಬಿಸಿ-ತಂಪಿನ ಅರಿವು ಸರಿಯಿದ್ದು ಒಂದು ಕೈ ಮಾತ್ರ ಒಣಗುವ ಹಿರಯಾಮಾ ಕಾಯಿಲೆ ಎಂಬುದು ಬೇರೆಯೇ ಇದೆ. ಅದನ್ನೂ ಇದನ್ನೂ ಕಲಸಬಾರದು.

ಈಗ ಬಾಕಿ ಇರುವ ಪರೀಕ್ಷೆಗಳು. ನೀವು ಮಾಡಿಸಿರುವುದು ಕುತ್ತಿಗೆಯ ಎಂಆರ್‌ಐ ಒಂದೇ. ಸಿರಿಂಕ್ಸಿನ ಕೆಳತುದಿ ಎಲ್ಲಿದೆ ಎಂದು ಅದರಲ್ಲಿ ಗೊತ್ತಾಗುವುದಿಲ್ಲ. ಮಿದುಳಿನಿಂದ ಸೊಂಟದವರೆಗಿನ ಚಿತ್ರ ಬೇಕು. ಮಿದುಳಿನ ಒಳಕೋಣೆಗಳಲ್ಲಿ ನೀರು ತುಂಬಿ ಹಿಗ್ಗಿದ್ದರೆ ಮೊದಲು ಅದಕ್ಕೆ ದಾರಿ ಮಾಡಬೇಕು, ಎಷ್ಟೋ ಸಲ ಅಷ್ಟಕ್ಕೇ ಟಾನ್ಸಿಲ್ ಮೇಲೇರುತ್ತದೆ. ಬೆನ್ನಿನಲ್ಲೆಲ್ಲೋ ಪೊರೆ ಹರಿದು ನೀರು ಸೋರುತ್ತಿದ್ದರೂ ಮಿದುಳು ಕೆಳಗೆ ಜಗ್ಗಿ ಕಿಯಾರಿಯಂತೆಯೇ ಕಾಣುತ್ತದೆ. ಆಗ ನಿಂತಾಗ ತಲೆನೋವು, ಮಲಗಿದರೆ ಇಳಿತ. ಅಂಥವರಿಗೆ ಬುರುಡೆ ತೆರೆದರೆ ಅನಾಹುತ. ಬೆನ್ನುಹುರಿಯೊಳಗೆ ಗಡ್ಡೆಯ ಅನುಮಾನವಿದ್ದರೆ ಔಷಧ ಚುಚ್ಚಿ ಮತ್ತೊಮ್ಮೆ ಚಿತ್ರ ತೆಗೆಯುತ್ತಾರೆ. ನೀರಿನ ಓಡಾಟವನ್ನೇ ತೋರಿಸುವ ಸಿನಿ ಎಂಆರ್‌ಐ ಎಂಬುದಿದೆ. ಸಿಕ್ಕರೆ ಒಳ್ಳೆಯದು, ನಿಮ್ಮ ಅಕ್ಕನಂತೆ ಚಿತ್ರ ಸ್ಪಷ್ಟವಿದ್ದಾಗ ಅದಿಲ್ಲದೆಯೂ ನಡೆಯುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು, ನಮ್ಮಲ್ಲಿ ತಪ್ಪಿಹೋಗುವುದೂ ಅದೇ, ಬುರುಡೆ ಮತ್ತು ಕುತ್ತಿಗೆ ಕೂಡುವ ಕೀಲು. ಕುತ್ತಿಗೆಯ ಮೊದಲ ಎಲುಬು ಎರಡನೆಯದರ ಮೇಲೆ ಜಾರುವುದು, ಎರಡನೆಯ ಎಲುಬಿನ ಗೂಟ ಬುರುಡೆಯ ರಂಧ್ರದೊಳಕ್ಕೆ ನುಗ್ಗಿರುವುದು, ಮೊದಲ ಎಲುಬು ಬುರುಡೆಗೆ ಬೆಸೆದುಕೊಂಡಿರುವುದು, ಈ ಜನ್ಮಜಾತ ದೋಷಗಳು ಭಾರತದಲ್ಲಿ ಅಪರೂಪವಲ್ಲ. ಗಿಡ್ಡ ಕುತ್ತಿಗೆ, ಕೆಳಗಿಳಿದ ಕೂದಲಿನ ಅಂಚು ಇದ್ದರೆ ಅನುಮಾನ ಹೆಚ್ಚು. ಈ ಕೀಲಿನ ಸಿಟಿ ಸ್ಕ್ಯಾನ್ ಬೇಕು. ಜೊತೆಗೆ ಕುತ್ತಿಗೆ ಬಗ್ಗಿಸಿ ಒಂದು, ಎತ್ತಿ ಒಂದು ಎಕ್ಸ್‌ರೇ. ಎರಡನೆಯ ಎಲುಬಿನ ಗೂಟಕ್ಕೂ ಮೊದಲನೆಯದರ ಮುಂಗಮಾನಿಗೂ (ಮುಂದಿನ ಬಿಲ್ಲಿನಾಕಾರದ ಭಾಗ) ನಡುವಿನ ಸಂದು ವಯಸ್ಕರಲ್ಲಿ 3 ಮಿ.ಮೀ. ಮೀರಬಾರದು. ಮೀರಿದ್ದರೆ ಅಲ್ಲಿ ಎಲುಬು ತೆಗೆದು ಜಾಗ ಮಾಡುವುದಷ್ಟೇ ಸಾಲದು. ಅಳ್ಳಾಡುವ ಕೀಲಿನಿಂದ ಇನ್ನಷ್ಟು ಎಲುಬು ತೆಗೆದರೆ ಅದು ಇನ್ನೂ ಸಡಿಲವಾಗಿ ಕೈಕಾಲು ನಾಲ್ಕೂ ಬಿದ್ದುಹೋಗಬಹುದು. ಹಿರಿಯರ ಹೆದರಿಕೆಯಲ್ಲಿ ಅರ್ಥವಿದ್ದರೆ ಇಲ್ಲಿ ಮಾತ್ರ. ಆಗ ಎರಡೂ ಎಲುಬುಗಳನ್ನು ಸ್ಕ್ರೂ, ಸರಳು ಹಾಕಿ ಕೂಡಿಸಬೇಕು. ಮುಂಬೈಯ ನರಶಸ್ತ್ರಚಿಕಿತ್ಸಕ ಅತುಲ್ ಗೋಯಲ್ ಬೆಳೆಸಿದ, 1994ರಲ್ಲಿ ಪ್ರಕಟವಾದ ವಿಧಾನ ಇದಕ್ಕೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕೀಲು ಸರಿಯಿದ್ದಂತೆ ಕಂಡರೂ ಎಲ್ಲ ಕಿಯಾರಿಗಳಿಗೂ ಸ್ಕ್ರೂ ಹಾಕಬೇಕು ಎಂಬ ಅವರ ಮುಂದಿನ ವಾದವನ್ನು ಬಹುಪಾಲು ಸರ್ಜನ್ನರು ಒಪ್ಪಿಲ್ಲ. ನನ್ನ ಅಭಿಪ್ರಾಯವೂ ಅದೇ: ಕೀಲು ಗಟ್ಟಿಯಿದ್ದರೆ ಅದನ್ನು ಮುಟ್ಟುವುದು ಬೇಡ.

ಗುಳಿಗೆಯ ವಿಚಾರ ಚಿಕ್ಕದು. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಉರಿ, ಜುಮ್ಮೆನ್ನುವ ನೋವನ್ನು ತಗ್ಗಿಸುತ್ತವೆ. ಸಿರಿಂಕ್ಸನ್ನು ಕುಗ್ಗಿಸುವ ಗುಳಿಗೆ ಇಲ್ಲ. ಟಾನ್ಸಿಲ್ ಇಳಿದಿದ್ದು ಬೇರಾವುದೋ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಆಕಸ್ಮಿಕವಾಗಿ ಕಂಡಿದ್ದರೆ, ಸಿರಿಂಕ್ಸೂ ಇಲ್ಲ, ಲಕ್ಷಣವೂ ಇಲ್ಲದಿದ್ದರೆ, ಆಪರೇಷನ್ ಮಾಡಬಾರದು. ಬರೀ ಚಿತ್ರಕ್ಕೆ ಕತ್ತಿ ಹಚ್ಚುವುದನ್ನೂ ಅಲ್ಲಲ್ಲಿ ಕಾಣುತ್ತೇವೆ. ನಿಮ್ಮ ಅಕ್ಕನದು ಆ ಸಾಲಿನದಲ್ಲ. ಅವರ ಕೈ ಈಗಾಗಲೇ ಕರಗುತ್ತಿದೆ.

ಆಪರೇಷನ್ ಹೀಗೆ ನಡೆಯುತ್ತದೆ. ಪೂರ್ಣ ಅರಿವಳಿಕೆ ಕೊಟ್ಟು ಬೋರಲಾಗಿ ಮಲಗಿಸಿ, ತಲೆಯನ್ನು ಮೂರು ಮೊಳೆಯ ಚೌಕಟ್ಟಿನಲ್ಲಿ ಅಲುಗದಂತೆ ಹಿಡಿಸುತ್ತಾರೆ. ಹಿಂದಲೆಯ ಉಬ್ಬಿನ ಕೆಳಗಿನಿಂದ ಕುತ್ತಿಗೆಯ ಎರಡನೆಯ ಎಲುಬಿನವರೆಗೆ ನಡುಗೆರೆಯಲ್ಲಿ ಕೊಯ್ಯುತ್ತಾರೆ. ನಡುಗೆರೆ ಬಿಟ್ಟು ಸರಿದರೆ ಸ್ನಾಯು ಹರಿದು ರಕ್ತ ಹೆಚ್ಚು ಹೋಗುತ್ತದೆ, ಆಮೇಲಿನ ನೋವೂ ಹೆಚ್ಚು. ರಂಧ್ರದ ಹಿಂಬದಿಯ ಬುರುಡೆಯನ್ನು ಸುಮಾರು 3 ಸೆ.ಮೀ. ಅಗಲ, 3 ಸೆ.ಮೀ. ಎತ್ತರ ತೆಗೆಯುತ್ತಾರೆ. ಮೊದಲ ಎಲುಬಿನ ಹಿಂಗಮಾನನ್ನು ನಡುವಿನಿಂದ ಅತ್ತಿತ್ತ ಒಂದು-ಒಂದೂಕಾಲು ಸೆಂಟಿಮೀಟರಷ್ಟೇ ತೆಗೆಯುವುದು. ಒಂದೂವರೆ ದಾಟಿದರೆ ಮಿದುಳಿಗೆ ರಕ್ತ ಒಯ್ಯುವ ಕಶೇರು ಧಮನಿ ಅಲ್ಲೇ ಇದೆ. ಬುರುಡೆಯ ಕಿಟಕಿಯ ಅಳತೆ ನಿಜಕ್ಕೂ ಕುಶಲದ ಮಾತು. ಸಣ್ಣದಾದರೆ ನೀರಿನ ದಾರಿ ತೆರೆಯದು. ದೊಡ್ಡದಾದರೆ ಆಧಾರ ತಪ್ಪಿದ ಕಿರುಮಿದುಳು ಆ ಕಿಟಕಿಯಲ್ಲೇ ಕುಸಿದು ಕೂರುತ್ತದೆ, ತಿಂಗಳುಗಳ ನಂತರ ತಲೆನೋವು ಮರಳುತ್ತದೆ, ಅದನ್ನು ಸರಿಪಡಿಸುವುದು ಮೊದಲ ಆಪರೇಷನ್‌ಗಿಂತ ಕಷ್ಟ.

ಸಿರಿಂಕ್ಸ್ ಇರುವ ವಯಸ್ಕರಲ್ಲಿ ಹೆಚ್ಚಿನವರು ಎಲುಬು ತೆಗೆದಷ್ಟಕ್ಕೆ ನಿಲ್ಲಿಸದೆ, ಅದರಡಿಯ ಗಟ್ಟಿ ಪೊರೆಯಾದ ಡ್ಯೂರಾವನ್ನು ವೈ ಆಕಾರದಲ್ಲಿ ಬಿಚ್ಚುತ್ತಾರೆ. ಸೂಕ್ಷ್ಮದರ್ಶಕದಡಿ ಟಾನ್ಸಿಲ್‌ಗಳ ನಡುವಿನ ತೆಳುಪೊರೆ, ಅಂಟುಗಳನ್ನು ಬಿಡಿಸಿ, ಬೇಕಾದರೆ ಟಾನ್ಸಿಲ್ ತುದಿಯನ್ನು ವಿದ್ಯುತ್ ಚಿಮಟದಿಂದ ಸುಟ್ಟು ಕುಗ್ಗಿಸಿ, ಮಿದುಳಿನ ನಾಲ್ಕನೆಯ ಒಳಕೋಣೆಯ ಬಾಯಿಂದ ನೀರು ಸಲೀಸಾಗಿ ಬರುವುದನ್ನು ಕಣ್ಣಾರೆ ನೋಡುತ್ತಾರೆ. ಕೊನೆಗೆ ಪೊರೆಗೆ ತೇಪೆ. ಬುರುಡೆಯ ಮೇಲಿನ ಸ್ವಂತ ಪೊರೆಯನ್ನೇ ತೆಗೆದು ಹೊಲಿಯುವುದು ನನ್ನ ದೃಷ್ಟಿಯಲ್ಲಿ ಉತ್ತಮ, ಮೈ ಅದನ್ನು ತಿರಸ್ಕರಿಸುವುದಿಲ್ಲ, ದುಡ್ಡೂ ಉಳಿಯುತ್ತದೆ. ಹೊಲಿಗೆ ಮುಗಿದ ಮೇಲೆ ಅರಿವಳಿಕೆಯವರಿಗೆ ಹೇಳಿ ಎದೆಯ ಒತ್ತಡ ಕೆಲ ಕ್ಷಣ ಏರಿಸಿ, ತೇಪೆಯ ಅಂಚಿನಲ್ಲಿ ನೀರು ಜಿನುಗುತ್ತದೆಯೇ ಎಂದು ನೋಡಬೇಕು. ಆಮೇಲೆ ಸ್ನಾಯುವನ್ನು ಪದರ ಪದರವಾಗಿ ಬಿಗಿಯಾಗಿ ಮುಚ್ಚಬೇಕು. ಒಟ್ಟು ಮೂರು-ನಾಲ್ಕು ತಾಸು. ಸಿರಿಂಕ್ಸಿಗೇ ನೇರವಾಗಿ ಕೊಳವೆ ಇಳಿಸುವುದು ಮೊದಲ ಹೆಜ್ಜೆಯಲ್ಲ. ತೂಬು ಬಿಚ್ಚಿದರೆ ಅದು ತಾನೇ ಇಂಗುತ್ತದೆ.

ಹೆಚ್ಚಾಗಿ ಕೆಡುವುದು ಈ ತೇಪೆಯಲ್ಲಿ. ನೀರು ಸೋರಿ ಚರ್ಮದಡಿ ಮೆತ್ತನೆಯ ಉಬ್ಬು ಕಟ್ಟಬಹುದು, ಇಲ್ಲವೆ ಗಾಯದಿಂದ ತಿಳಿನೀರು ಹನಿಯಬಹುದು. ಉಬ್ಬಷ್ಟೇ ಇದ್ದರೆ ಹಲವು ಸಲ ತಾನೇ ಆರುತ್ತದೆ. ಹನಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಆ ದಾರಿಯಲ್ಲೇ ಸೋಂಕು ಒಳಹೋಗುತ್ತದೆ. ಒಂದೆರಡು ವಾರದೊಳಗೆ ಜ್ವರ, ಕುತ್ತಿಗೆ ಬಿಗಿತ, ತಲೆನೋವು ಬಂದರೆ ಅದು ರಕ್ತದ ಕಲೆಯಿಂದಾದ ಬರೀ ಉರಿಯೂತವಿರಬಹುದು, ಕ್ರಿಮಿಯಿಂದಾದ ಮಿದುಳುಪೊರೆಯ ಸೋಂಕು (ಮೆನಿಂಜೈಟಿಸ್) ಇರಬಹುದು. ನೀರು ತೆಗೆದು ಪರೀಕ್ಷಿಸದೆ ಎರಡರ ವ್ಯತ್ಯಾಸ ಗೊತ್ತಾಗದು, ಮನೆಯಲ್ಲಿ ಜ್ವರದ ಗುಳಿಗೆ ನುಂಗಿ ಕಾಯಬೇಡಿ. ಮೊದಲ ರಾತ್ರಿ ಐಸಿಯುನಲ್ಲಿ ಇಡುವುದು ಉಸಿರಿನ ಮೇಲೆ ಕಣ್ಣಿಡಲು. ಮೊದಲೇ ನಿದ್ದೆಯಲ್ಲಿ ಉಸಿರು ನಿಂತು ಗೊರಕೆ ಹೊಡೆಯುವುದು, ನೀರು ಕುಡಿದರೆ ನೆತ್ತಿಗೇರುವುದು ಇದ್ದರೆ ಆಪರೇಷನ್‌ಗೆ ಮುಂಚೆಯೇ ಹೇಳಿ. ಸಾವು, ಪೂರ್ಣ ಪಾರ್ಶ್ವವಾಯು ಅನುಭವವಿರುವ ಕೈಯಲ್ಲಿ ಬಹಳ ವಿರಳ. ಹಾಸಿಗೆ ಹಿಡಿಸುವ ದಾರಿ ಹೆಚ್ಚಾಗಿ ಬಿಟ್ಟ ಸಿರಿಂಕ್ಸಿನದೇ, ನಿಧಾನವಾಗಿ.

ಕೈ ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದ್ದೀರಿ. ಕೆಮ್ಮಿದಾಗಿನ ತಲೆನೋವು ಹೆಚ್ಚಿನವರಲ್ಲಿ ಹೋಗುತ್ತದೆ, ಆಸ್ಪತ್ರೆಯಲ್ಲಿರುವಾಗಲೇ ವ್ಯತ್ಯಾಸ ತಿಳಿಯುವುದುಂಟು. ಸಿರಿಂಕ್ಸ್ ಬಹುಪಾಲು ಜನರಲ್ಲಿ ಕುಗ್ಗುತ್ತದೆ, ಆದರೆ ತಿಂಗಳುಗಳು ಬೇಕು. 3ರಿಂದ 6 ತಿಂಗಳಿಗೆ ಮತ್ತೆ ಎಂಆರ್‌ಐ ಮಾಡಿ ನೋಡುವುದು ಅದಕ್ಕೇ. ಕೈಯ ಬಲ ಸ್ವಲ್ಪ ಮರಳಬಹುದು. ಒಣಗಿದ ಮಾಂಸ ತುಂಬಿಕೊಳ್ಳುವುದು, ಹೋದ ಬಿಸಿಯ ಅರಿವು ಬರುವುದು ಕಡಿಮೆ. ಸತ್ತ ನರಕೋಶ ಹುಟ್ಟುವುದಿಲ್ಲ. ಇದನ್ನು ಅಕ್ಕನಿಗೆ ಆಪರೇಷನ್‌ಗೆ ಮುಂಚೆಯೇ ಬಿಡಿಸಿ ಹೇಳಿ. ಇಲ್ಲದಿದ್ದರೆ ಆಪರೇಷನ್ ಗೆದ್ದರೂ ಮನೆಯವರ ಲೆಕ್ಕದಲ್ಲಿ ಸೋತಂತಾಗುತ್ತದೆ. ಎಡಗೈ ಇನ್ನೂ ನೆಟ್ಟಗಿದೆ, ಕಾಲು ನೆಟ್ಟಗಿವೆ. ಉಳಿಸಿಕೊಳ್ಳಬೇಕಾದ್ದು ಅವನ್ನು.

ಐದರಿಂದ ಏಳು ದಿನ ಆಸ್ಪತ್ರೆ, ಹತ್ತು-ಹನ್ನೆರಡನೆಯ ದಿನ ಹೊಲಿಗೆ ಬಿಚ್ಚುವುದು. ಎರಡು-ಮೂರು ವಾರ ಕುತ್ತಿಗೆ ಬಿಗಿದು ನೋಯುವುದು ಸಹಜ. ಮೂರು ತಿಂಗಳು ಭಾರ ಎತ್ತಬಾರದು. ಬಿಂದಿಗೆ, ಹುಲ್ಲಿನ ಹೊರೆ ತಲೆಯ ಮೇಲೆ ಹೊರುವುದನ್ನು ಕಾಯಂ ಬಿಡುವುದೇ ಒಳ್ಳೆಯದು. ಮೆಣಸಿನಕಾಯಿ ಕೆಲಸಕ್ಕೂ ಆ ಮೂರು ತಿಂಗಳು ರಜೆ, ತೇಪೆಗೆ ಕೆಮ್ಮಿನಷ್ಟು ಶತ್ರು ಇನ್ನೊಂದಿಲ್ಲ. ಮಲಬದ್ಧತೆಯೂ ಅಷ್ಟೇ, ತಿಣುಕುವಂತಾಗಬಾರದು.

ಇವತ್ತಿನಿಂದಲೇ ಮಾಡಬೇಕಾದ್ದು ಬೇರೆ ಇದೆ. ರೊಟ್ಟಿ ತಿರುವಲು ಬೆರಳು ಬೇಡ, ಸವುಟು ಅಥವಾ ಚಿಮಟ. ಬಚ್ಚಲ ಹಂಡೆಯ ನೀರಿನ ಬಿಸಿಯನ್ನು ಬಲಗೈಯಿಂದ ನೋಡಬಾರದು, ಪಾದದಿಂದ ನೋಡಬೇಕು, ಅಲ್ಲಿ ಅರಿವು ಇದೆಯೆಂದು ವೈದ್ಯರು ಖಚಿತಪಡಿಸಿದ ಮೇಲೆ. ರಾತ್ರಿ ಮಲಗುವ ಮುನ್ನ ಎರಡೂ ಕೈ ದೀಪದಡಿ ತಿರುವಿ ನೋಡಿ. ನೋವಿಲ್ಲದ ಗಾಯ ಕೀವಾಗಿ ಬೆರಳು ತಿನ್ನುವವರೆಗೂ ಗೊತ್ತಾಗುವುದಿಲ್ಲ. ಹೆಗಲು ಅಥವಾ ಮೊಣಕೈ ನೋವಿಲ್ಲದೆ ಊದಿದರೆ ಕೀಲೇ ಸವೆಯುತ್ತಿರಬಹುದು, ತೋರಿಸಿ. ಕುತ್ತಿಗೆ ಲಟಿಕೆ ತೆಗೆಸುವುದು, ಎಲುಬು ಕೂಡಿಸುವವರಲ್ಲಿ ಕುತ್ತಿಗೆ ಎಳೆಸುವುದು, ತೈಲ ಹಚ್ಚಿ ಜೋರಾಗಿ ತಿರುವುವುದು ಪೂರ್ತಿ ಬಂದ್. ಬೇರಾವುದೇ ಕಾರಣಕ್ಕೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯುವುದು, ಬೆನ್ನಿಗೆ ಅರಿವಳಿಕೆ ಕೊಡುವುದು ಎಂದರೆ ಮೊದಲು ಈ ಎಂಆರ್‌ಐ ತೋರಿಸಿ. ಕೆಳಗಿನ ಒತ್ತಡ ತಟ್ಟನೆ ಇಳಿದರೆ ಟಾನ್ಸಿಲ್ ಇನ್ನೂ ಕೆಳಗೆ ಕಚ್ಚಿಕೊಳ್ಳುತ್ತದೆ.

ಈ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹುಬ್ಬಳ್ಳಿಯ ಕೆಎಂಸಿಆರ್‌ಐ ಅಂದರೆ ಹಿಂದಿನ ಕಿಮ್ಸ್‌ನಲ್ಲಿ, ಧಾರವಾಡದ ಸತ್ತೂರಿನ ಎಸ್‌ಡಿಎಂನಲ್ಲಿ ನರಶಸ್ತ್ರಚಿಕಿತ್ಸೆ ವಿಭಾಗಗಳಿವೆ. ಕೀಲಿನ ತೊಡಕು ಕಂಡರೆ, ಸ್ಕ್ರೂ ಹಾಕುವ ಪ್ರಸಂಗ ಬಂದರೆ ನಿಮ್ಹಾನ್ಸ್‌ನ ಅಭಿಪ್ರಾಯ ಕೇಳುವುದು ಒಳ್ಳೆಯದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮಾಡಿಸಿಕೊಳ್ಳಿ. ಹೋಗುವಾಗ ಎಂಆರ್‌ಐ ವರದಿಯ ಹಾಳೆಯೊಂದೇ ಸಾಲದು, ಸಿಡಿ ಒಯ್ಯಿರಿ. ಸರ್ಜನ್ನರಿಗೆ ಮೂರು ಮಾತು ಕೇಳಿ: ಕೀಲು ಗಟ್ಟಿಯಿದೆಯೇ, ಪೊರೆ ಬಿಚ್ಚುತ್ತೀರೋ ಇಲ್ಲವೋ, ತೇಪೆ ಯಾವುದರದು. ಉತ್ತರ ಬಿಡಿಸಿ ಹೇಳುವವರು ಸಿಕ್ಕರೆ ಅಲ್ಲಿಯೇ ಮಾಡಿಸಿ.

ಮಕ್ಕಳ ವಿಚಾರ: ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬಂದದ್ದುಂಟು, ಆದರೆ ಬಹುತೇಕ ಹಾಗೆ ಹರಿದುಬರುವುದಿಲ್ಲ. ಲಕ್ಷಣವಿಲ್ಲದ ಮಕ್ಕಳಿಗೆ ಎಂಆರ್‌ಐ ಬೇಡ. ಅಂಗಿ ಕಳಚಿಸಿ, ಮುಂದಕ್ಕೆ ಬಾಗಿಸಿ ಬೆನ್ನು ನೋಡಿ. ಒಂದು ಬದಿ ಉಬ್ಬಿದ್ದರೆ, ಬೆನ್ನೆಲುಬು ಸೊಟ್ಟಗಿದ್ದರೆ, ಅಥವಾ ಕೆಮ್ಮಿದಾಗ ಹಿಂದಲೆ ಹಿಡಿದುಕೊಳ್ಳುತ್ತಿದ್ದರೆ ಆಗ ಕರೆದುಕೊಂಡು ಬನ್ನಿ.